ನೆಲಕ್ಕೂರದ ಕಾಲು

ಮನೋಳಿಯ ಓಣಿ ಓಣಿ ತಿರುಗಿ ಬಳೆ ತೊಡಿಸುತ್ತಿದ್ದ ಜುಬೇದಾಬಿ ಹಿತ್ತಲಿನಲ್ಲಿ ಜಾರಿ ಬಿದ್ದು ಎಡತೊಡೆ ಮುರಿದುಕೊಂಡು ವರ್ಷವಾಗಿತ್ತು. ರಾಡು ಹಾಕಿದ ಎಲುಬು ಕೂಡಿತ್ತು. ಆದರೆ ಈಗ ಏನೂ ಆಗದಿದ್ದ ಬಲಗಾಲಿನ ಮೊಣಕಾಲೇ ಬಾತು ನೋಯತೊಡಗಿತ್ತು. ಗಂಡ ಖಾಸಿಮಸಾಬ ತಾನು ಓಡಿಸುವ ಬಾಡಿಗೆ ಟೆಂಪೋದಲ್ಲೇ ಅವಳನ್ನು ಬೈಲಹೊಂಗಲಕ್ಕೆ, ಪೂನಮ್ ಎಂಬ ಫಿಜಿಯೋಥೆರಪಿಸ್ಟ್ ಹತ್ತಿರ ಕರೆತಂದ.

ಪೂನಮ್ ತೂಕ ನೋಡುವ ಎರಡು ಮಷೀನು ಜೋಡಿಸಿಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಡಿಸಿ ನಿಲ್ಲಿಸಿದಳು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ತೂಕ ಬಂತು.

"ನೋಡ್ರಿ, ಸಮ ಐತಿ!" ಖಾಸಿಮಸಾಬನ ಮುಖ ಅರಳಿತು.

"ಸುಮ್ಮ ನಿಂತಾಗ ಭಾಳ ಮಂದೀದು ಹಿಂಗ ಬರತೈತ್ರಿ ಕಾಕಾ. ದಿನಾ ಮಾಡೂ ಕೆಲಸದಾಗ ನೋಡೂಣು."

ಪೂನಮ್ ಜುಬೇದಾಬಿಯ ಹಿಂದೆ ಕುರ್ಚಿ ಇಟ್ಟು, ಕಾಲು ಮಷೀನುಗಳ ಮೇಲೆಯೇ ಇರುವಂತೆ ಕೂರಿಸಿ, "ಕಾಕು, ಕೈ ಆಸರ ಇಲ್ದ ಏಳ್ರಿ" ಎಂದಳು.

ಏಳುವಾಗ ಬಲಗಡೆಯ ಮಷೀನಿನ ಮುಳ್ಳು ಸರ್ರನೆ ಮೇಲೇರಿತು. ಎಡಗಡೆಯದು ಅಷ್ಟಾಗಿ ಅಲುಗಲೇ ಇಲ್ಲ. ಕೂರುವಾಗಲೂ ಅದೇ, ಸಣ್ಣ ಮಣೆಯಿಂದ ಮಷೀನುಗಳ ಮೇಲೆ ಇಳಿದಾಗಲೂ ಅದೇ.

"ಇಡೀ ಮೈಭಾರ ಬಲಗಾಲೊಂದ ಹೊರಾಕತ್ತೈತಿ. ಅದಕ್ಕ ಮೊಣಕಾಲು ಸವದೈತಿ. ಎಡಗಾಲು ನೋಡ್ರಿ, ಎಷ್ಟ ಸಣ್ಣ ಆಗೇತಿ. ಊರಬ್ಯಾಡ್ರಿ ಅಂತ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲವ್ವಾ, ನನಗ ಅಂಜಿಕಿ," ಎಂದಳು ಜುಬೇದಾಬಿ.

ಖಾಸಿಮಸಾಬನಿಗೆ ಸುಮ್ಮನಿರಲಾಗಲಿಲ್ಲ. "ಇಲ್ರಿ, ನಾನ ಹೇಳೀನ್ರಿ."

ಆಪರೇಶನ್ ಮಾಡಿದ ಡಾಕ್ಟರು, ಒಂದೂವರೆ ತಿಂಗಳಾದ ಮೇಲೆ ಸ್ವಲ್ಪ ಸ್ವಲ್ಪ ಕಾಲು ಊರಿಸಿರಿ ಎಂದಿದ್ದರು. ಮೊದಲ ಸಲ ಊರಿದಾಗ ಅವಳು ಚೀರಿದ್ದು ಕೇಳಿ ಅವನು ಎಲುಬು ಮತ್ತೆ ಮುರಿಯಿತೆಂದೇ ತಿಳಿದಿದ್ದ. ಅಂದಿನಿಂದ ಅವಳು ಎದ್ದಾಗಲೆಲ್ಲ ಓಡಿಬಂದು ಹಿಡಿದು, "ಆ ಕಾಲು ಊರಬ್ಯಾಡ" ಎನ್ನುವುದೇ ಆಯಿತು. ಬಾಡಿಗೆ ಬಿಟ್ಟು ನೀರು ತಂದ, ಬಟ್ಟೆ ಒಗೆದ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಓಣಿಯ ಹೆಂಗಸರು ಹೊಗಳಿದರೆ ಒಳಗೊಳಗೇ ಹಿಗ್ಗಿದ. ಡಾಕ್ಟರ ಹತ್ತಿರ ಮಾತ್ರ ಮತ್ತೆ ಕರೆದೊಯ್ಯಲಿಲ್ಲ. ಅವರು ಕಾಲು ಊರಿಸಿ ನೋಯಿಸುತ್ತಾರೆಂಬ ಭಯ.

"ವ್ಯಾಯಾಮ ಮಾಡಿದ್ರ ಎಡಗಾಲಿಗೆ ಶಕ್ತಿ ಬರತೈತ್ರಿ," ಪೂನಮ್ ಮೆಲ್ಲಗೆ ಹೇಳಿದಳು. "ಬಲಗಾಲಿನ ಮೊಣಕಾಲು ಮಾತ್ರ ಮೊದಲಿನಂಗ ಆಗೂದಿಲ್ಲ. ನೆಲದ ಮ್ಯಾಲ ಕುಂತ ಏಳೂದು ಕಷ್ಟ ಐತಿ."

ನಾಲ್ಕಾರು ತಿಂಗಳಲ್ಲಿ ಎಡಗಾಲು ತನ್ನ ಪಾಲಿನ ಭಾರ ಹೊರತೊಡಗಿತು. ವ್ಯಾಯಾಮ ಮಾಡುವಾಗ ಅವಳು ನರಳಿದರೂ ಖಾಸಿಮಸಾಬ ಕೈಕಟ್ಟಿ ನಿಲ್ಲುವುದನ್ನು ಕಲಿತ. ಆದರೆ ಮನೆಮನೆಯ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಳೆ ತೊಡಿಸುವುದು ಅವಳಿಂದಾಗಲಿಲ್ಲ. ಬುಟ್ಟಿಯನ್ನು ಸೊಸೆ ನಾಜಿಯಾಳಿಗೆ ಕೊಟ್ಟುಬಿಟ್ಟಳು. ನಮಾಜೂ ಕುರ್ಚಿಯ ಮೇಲೆಯೇ ಆಯಿತು.

ಒಂದು ಸಂಜೆ ಅವನು ಕೇಳಿದ: "ಅವತ್ತ ನೀ ಚೀರಿದಾಗ ನಾ ಮನಸ ಗಟ್ಟಿ ಮಾಡಬೇಕಿತ್ತು, ಅಲ್ಲ?"

ಜುಬೇದಾಬಿ ಸುಳ್ಳು ಹೇಳಲಿಲ್ಲ. "ಹೌದ್ರಿ, ಮಾಡಬೇಕಿತ್ತು. ನಾನೂ, ಬಿಡ್ರಿ ಊರತೇನಿ, ಅನಬೇಕಿತ್ತು. ನೀವು ಓಡಿಬಂದು ಹಿಡಿಯೂದು ನನಗೂ ಚಲೋ ಅನಸ್ತಿತ್ತು."

ಅವಳು ಬೈದಿದ್ದರೆ ಖಾಸಿಮಸಾಬನಿಗೆ ಇಷ್ಟು ನೋಯುತ್ತಿರಲಿಲ್ಲ.