ಆರು ಮೂಲೆಯ ಪೆಟ್ಟಿಗೆ

ಮುಳಬಾಗಿಲಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಖುದ್ದೂಸನಿಗೆ ಅಪ್ಪನ ಒಂದು ಕತೆ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಅವನು ಹುಟ್ಟುವ ಮೊದಲು ಶ್ರೀನಿವಾಸಪುರದ ಬಂಗಲೆಯ ಬಿಳಿ ದೊರೆ ಕುದುರೆ ಏರಿ ಅಂಗಡಿಗೆ ಬಂದಿದ್ದನಂತೆ. ಕೈಯಲ್ಲಿ ಆರು ಮೂಲೆಯ ಪುಟ್ಟ ಪೆಟ್ಟಿಗೆ. ಒಂದೊಂದು ಗುಂಡಿಗೂ ಎರಡು ಸ್ವರ, ಪೆಟ್ಟಿಗೆ ಎಳೆದರೆ ಒಂದು, ಒತ್ತಿದರೆ ಇನ್ನೊಂದು. ಹರಿದ ತಿದಿ ತೆಗೆದು ಅಪ್ಪ ಲತೀಫ್ ಸಾಬರು ಮೇಕೆ ಚರ್ಮದಲ್ಲಿ ಹೊಸದು ಕಟ್ಟಿಕೊಟ್ಟರೆ, ಅದು ವಿಲಾಯತಿಯದಲ್ಲ ಎಂದು ದೊರೆಗೇ ಗೊತ್ತಾಗಲಿಲ್ಲವಂತೆ.

ಅಂಥ ಪೆಟ್ಟಿಗೆಯನ್ನು ಊರಲ್ಲಿ ಇನ್ನೊಬ್ಬರು ಕಂಡಿರಲಿಲ್ಲ. ಹಾಗಾಗಿ ಲತೀಫ್ ಸಾಬರು ಬಾಯಿ ತೆರೆದರೆ ಪೇಟೆಯೇ ನಗುತ್ತಿತ್ತು, ಹೆಂಡತಿ ಹಜೀರಾ ಎಲ್ಲರಿಗಿಂತ ಜೋರಾಗಿ. ಈಗ ಮುದುಕನ ಕಣ್ಣು ಹೋಗಿದೆ, ಕತೆ ಹೋಗಿಲ್ಲ. "ಸುಳ್ಳುಗಾರ ಅನ್ನಿಸ್ಕೊಂಡೇ ಸಾಯ್ಬೇಕೇನೋ ನಾನು?" ಎಂದು ಮಗನನ್ನು ಕೇಳುತ್ತಿದ್ದ. ನಂಬಿಕೆ ಖುದ್ದೂಸನಿಗೂ ಇರಲಿಲ್ಲ.

ಯುರೋಪಿನಲ್ಲಿ ಯುದ್ಧ ಶುರುವಾಗುವ ಮುಂಚಿನ ಬೇಸಿಗೆಯಲ್ಲಿ ಆ ದೊರೆ ತೀರಿಕೊಂಡ. ಬಂಗಲೆಯ ಸಾಮಾನು ಹರಾಜಿಗೆ ಬಂತು. ಹರಾಜು ಕೂಗುವ ಸುಬ್ಬರಾಯಪ್ಪ ಖುದ್ದೂಸನಿಗೆ ಹೇಳಿ ಕಳಿಸಿದ: ಎಂಥದೋ ವಾದ್ಯ ಇದೆ, ಬಂದು ಬೆಲೆ ಹೇಳು.

ಮೇಜಿನ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇತ್ತು. ಖುದ್ದೂಸ್ ಅದರ ಮೂಲೆಗಳನ್ನು ಎರಡೆರಡು ಸಲ ಎಣಿಸಿದ: ಆರು. ಗುಂಡಿ ಅದುಮಿ ಎಳೆದ, ಒಂದು ಸ್ವರ. ಒತ್ತಿದ, ಬೇರೆ ಸ್ವರ.

"ಕೆಟ್ಟೋಗೈತೆ ಕಣೋ," ಎಂದ ಗುಂಪಿನಲ್ಲಿ ಯಾರೋ.

"ಕೆಟ್ಟಿಲ್ಲ, ಅದರ ಚಾಳಿನೇ ಅಷ್ಟು," ಎಂದವನು ಮಾಲೂರಿನ ಗಂಗುಲಪ್ಪ, ಹಳೇ ಸಾಮಾನಿನ ವ್ಯಾಪಾರಿ. "ಕನ್ಸರ್ಟಿನಾ ಅಂತಾರೆ ಇದನ್ನ. ಬೆಂಗಳೂರು ದಂಡಿನಲ್ಲಿ ಒಂದು ಮಾರಿದೀನಿ. ತಿದಿ ಅಸಲಿ ಆದ್ರೆ ಎಂಬತ್ತು ಕೊಡ್ತೀನಿ. ಬದಲಾಯ್ಸಿದ್ರೆ ಅರ್ಧ. ನನ್ನ ಕಣ್ಣಿಗೇನೋ ಅಸಲಿನೇ. ನೀವು ನೋಡಿ ಹೇಳಿ, ಸಾಬ್ರೇ."

ಖುದ್ದೂಸ್ ತಿರುಪು ಬಿಚ್ಚಿದ. ಒಳಗೆ ಹಿತ್ತಾಳೆ ರೀಡುಗಳು, ಮರದ ಮೇಲೆ ಲಂಡನ್ನಿನ ಮುದ್ರೆ. ತಿದಿಯ ಚರ್ಮ ಹಳೆಯದಾಗಿ ಕಪ್ಪಗೆ ಮಿರುಗುತ್ತಿತ್ತು, ಮಡಿಕೆಯಲ್ಲಿ ಒಂದು ಕೂದಲೆಳೆಯ ವ್ಯತ್ಯಾಸ ಇಲ್ಲ. ಹೆಬ್ಬೆರಳಿನಿಂದ ಮೂಲೆ ಸವರಿದ. ಚರ್ಮದ ಅಂಚು ಎಲ್ಲರೂ ಹೊದಿಸುವ ಕಡೆಗಲ್ಲ, ಅದರ ಎದುರು ಕಡೆಗೆ ಹೊದ್ದಿತ್ತು. ಮುಂದಿನ ಮೂಲೆಯೂ ಹಾಗೇ. ಎಲ್ಲ ಮೂಲೆಗಳೂ ಹಾಗೇ. ಹೀಗೆ ಚರ್ಮ ಹೊದಿಸುವ ಎಡಚ ಈ ಸೀಮೆಯಲ್ಲಿ ಒಬ್ಬನೇ, ಮನೆಯಲ್ಲಿ ಜಗಲಿ ಮೇಲೆ ಕೂತಿದ್ದಾನೆ. ಖುದ್ದೂಸನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಅಪ್ಪನನ್ನು ನಂಬದೆ ಹೋದೆನಲ್ಲ ಎಂದು ನಾಚಿಕೆಯೂ ಆಯಿತು.

ಸುಬ್ಬರಾಯಪ್ಪ ಕಿವಿಯ ಹತ್ತಿರ ಬಗ್ಗಿದ. "ಅಸಲಿ ಅಂದ್ಬಿಡಯ್ಯಾ. ನಿನ್ನ ಗಂಟೇನು ಹೋಗ್ತದೆ?"

"ಅಸಲಿ ಅಲ್ಲ," ಎಂದ ಖುದ್ದೂಸ್, ಎಲ್ಲರಿಗೂ ಕೇಳುವ ಹಾಗೆ. "ನಮ್ಮಪ್ಪ ಕಟ್ಟಿದ ತಿದಿ ಇದು. ಹರಾಜಿನಲ್ಲಿ ಅದನ್ನೂ ಸೇರಿಸಿ ಕೂಗಿ."

"ಬೆಲೆ ಇಳಿಸೋ ಮಾತನ್ನ ಯಾವನಾದ್ರೂ ಕೂಗ್ತಾನೇನಯ್ಯಾ!"

"ಕೂಗದಿದ್ರೆ ನಾನೇ ಕೂಗ್ತೀನಿ."

ಸುಬ್ಬರಾಯಪ್ಪ ಮುಖ ಗಂಟಿಕ್ಕಿಕೊಂಡೇ ಕೂಗಿದ: "ಲಂಡನ್ ಪೆಟ್ಟಿಗೆ! ತಿದಿ ಮಾತ್ರ ಮುಳಬಾಗಿಲು ಲತೀಫ್ ಸಾಬರ ಕೆಲಸ! ಒಕಟೋಸಾರಿ… ರೆಂಡೋಸಾರಿ…" ತೆಲುಗಿನಲ್ಲಿ ಮೂರು ಸಲ ಎಣಿಸುವಷ್ಟರಲ್ಲಿ ನಲವತ್ತಕ್ಕೆ ಗಂಗುಲಪ್ಪನಿಗೆ ನಿಂತಿತು. ಅವನು ಆ ಮೂಲೆಗಳನ್ನು ಇನ್ನೂ ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದ.

ಖುದ್ದೂಸ್ ಊರಿಗೆ ಬಂದಾಗ ಅಪ್ಪ ಜಗಲಿ ಮೇಲೆ ಬೀಡಿ ಸೇದುತ್ತಿದ್ದ.

"ಅಬ್ಬಾ, ನಿಮ್ಮ ಆರು ಮೂಲೆ ಪೆಟ್ಟಿಗೆ ನೋಡ್ಕೊಂಡು ಬಂದೆ."

ಬೀಡಿ ಹಿಡಿದ ಕೈ ಅಲ್ಲೇ ನಿಂತಿತು.

"ಆದ್ರೆ ನಿಮ್ಮ ತಿದಿ ಅಂತ ಗೊತ್ತಾಗಿ ಬೆಲೆ ಎಂಬತ್ತರಿಂದ ನಲವತ್ತಕ್ಕೆ ಬಿದ್ದೋಯ್ತು," ಎಂದ ಖುದ್ದೂಸ್. ಮುದುಕ ನೊಂದುಕೊಂಡಾನು ಎಂದು ಅವನಿಗೆ ಅಳುಕಿತ್ತು.

"ಎಲ್ಲರ ಮುಂದೆ ಹೇಳಿದ್ರಾ?"

"ನಿಮ್ಮ ಹೆಸರು ಹಿಡಿದು ಕೂಗಿದ್ರು."

ಲತೀಫ್ ಸಾಬರು ಬೀಡಿ ಎಸೆದು, ಗೋಡೆ ತಡವುತ್ತಾ ಅಡುಗೆಮನೆ ಬಾಗಿಲಿಗೆ ಹೋದರು. "ಏ ಹಜೀರಾ! ಕೇಳಿಸ್ತಾ? ನನ್ನಿಂದ ದೊರೆಗೆ ನಲವತ್ತು ರೂಪಾಯಿ ಲುಕ್ಸಾನಂತೆ!" ಅವರು ಬಾಯ್ತುಂಬ ನಗುತ್ತಿದ್ದರು.

ಹಜೀರಾ ಈ ಸಲ ನಗಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ಗಂಡನ ಕೈ ಹಿಡಿದು ಕೂರಿಸಿದಳು.

"ಆ ದೊರೆ ಕುದುರೆ ಮೇಲೆ ಬಂದ್ನಲ್ಲ," ಎಂದಳು, "ಅಲ್ಲಿಂದ ಹೇಳಿ."