ಗಿಳಿ ಹಾಡು, ಹನ್ನೆರಡರ ಗಂಟೆ

ಹಾಡು ಕೊರೆಯಲು ತಂದ ಎರಡು ಮೇಣದ ತಟ್ಟೆಗಳು ಹಾಳಾಗಿದ್ದವು. ಉಳಿದದ್ದು ಒಂದು.

ಮೊದಲನೆಯದನ್ನು ಕೆಡಿಸಿದವನು ರಾಮಯ್ಯ. ನಾಟಕ ಕಂಪನಿಯ ಹಾಡುಗಾರ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಬೇಕೆಂದು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡವನು. ಪಲ್ಲವಿ ಎರಡನೆಯ ಸಲ ಬಂದಾಗ ತನ್ನ ಮುಂದಿರುವುದು ಮೈಕು ಎಂಬುದನ್ನು ಮರೆತು ದನಿ ಎತ್ತಿದ. ಮೇಣ ಕೊರೆಯುತ್ತಿದ್ದ ಸೂಜಿ ಒಂದು ಗೆರೆಯಿಂದ ಪಕ್ಕದ ಗೆರೆಗೆ ನುಗ್ಗಿತು. ಎರಡನೆಯ ತಟ್ಟೆ ಹಾರ್ಮೋನಿಯಂ ಬಾರಿಸುತ್ತಿದ್ದ ಮುದುಕರ ಕೆಮ್ಮಿಗೆ ಹೋಯಿತು. ಅರಳೆಯ ಧೂಳು. ಅವರು ಎರಡು ನಿಮಿಷ ತಡೆದುಕೊಂಡಿದ್ದರು, ಮೂರನೆಯ ನಿಮಿಷ ಆಗಲಿಲ್ಲ.

ಅದು ಅರಳೆಯ ಗೋದಾಮು. ಚರ್ಚಿನ ಕಾಂಪೌಂಡಿನ ಹಿಂದಿನ ಓಣಿಯಲ್ಲಿತ್ತು. ಓಣಿಯ ಬಾಗಿಲಿನಿಂದ ಒಳಗಿನ ಜಾಗಕ್ಕೆ ಬರಬೇಕಾದರೆ ಆಳೆತ್ತರದ ಮೂಟೆಗಳ ನಡುವೆ ಮೂವತ್ತು ಅಡಿ ನಡೆಯಬೇಕು. ಡ್ರಾಯಿಂಗ್ ಮೇಷ್ಟ್ರು ಸದಾಶಿವಯ್ಯ ಈ ಜಾಗವನ್ನು ಆರಿಸಿದ್ದೇ ಆ ಮೂಟೆಗಳಿಗಾಗಿ. ಹೊರಗೆ ಗಾಡಿ ಹೋದರೂ ಒಳಗೆ ಕೇಳದು. ಮಾಡು ಮಾತ್ರ ಬರೀ ಹೆಂಚು. ಮೇಲಿನಿಂದ ಬರುವ ಸದ್ದಿಗೆ ತಡೆಯಿರಲಿಲ್ಲ.

ಸದಾಶಿವಯ್ಯನವರು ಎರಡು ವರ್ಷದಿಂದ ಒಂದು ಫಿಲಂ ಮಾಡುತ್ತಿದ್ದರು. ಅದರಲ್ಲಿ ನಟರಿಲ್ಲ. ಅವರೇ ಬರೆದ ಚಿತ್ರಗಳು ಒಂದರ ಹಿಂದೊಂದು ಓಡಿ ಎರಡು ಗಿಳಿಗಳಾಗುತ್ತವೆ. ಗಿಳಿಗಳು ಸೀಬೆ ಮರದ ಮೇಲೆ ಕೂತು ಪ್ರೇಮದ ಹಾಡು ಹಾಡುತ್ತವೆ. ಆ ಹಾಡಿನ ಭಾಗಕ್ಕೇ ಮೂರು ಸಾವಿರ ಕಾಗದ. ಫಿಲಂ ಓಡುವಾಗ ಪಕ್ಕದಲ್ಲಿ ಗ್ರಾಮಫೋನಿನ ಪ್ಲೇಟು ಓಡಬೇಕು. ಕೊಕ್ಕು ತೆರೆದ ಗಳಿಗೆಗೇ ದನಿ ಬರಬೇಕು. ಚಿತ್ರ ಮೊದಲೇ ಮುಗಿದಿತ್ತು. ಹಾಡು ಮೂರು ನಿಮಿಷ ಹತ್ತು ಸೆಕೆಂಡಿಗೆ ಒಂದು ಚೂರೂ ಹೆಚ್ಚುಕಮ್ಮಿಯಾಗುವಂತಿರಲಿಲ್ಲ. ಮೇಷ್ಟ್ರು ಒಂದು ಕೈಯಲ್ಲಿ ಗಡಿಯಾರ ಹಿಡಿದು, ಬಟ್ಟೆ ಸುತ್ತಿದ ಕೋಲಿನಿಂದ ಗಾಳಿಯಲ್ಲಿ ತಾಳ ಹಾಕುತ್ತಿದ್ದರು.

ಹೆಣ್ಣು ಗಿಳಿಯ ದನಿ ಕ್ರಿಸ್ತಿನಾಳದು. ಇಪ್ಪತ್ತೊಂದು ವರ್ಷ. ಚರ್ಚಿನ ಗಾಯನದಲ್ಲಿ ಮುಂದಾಳು. ಹಿಂದಿನ ವರ್ಷ ಮೇಷ್ಟ್ರು ಚರ್ಚಿನ ಸಂತರ ಮೂರ್ತಿಗಳಿಗೆ ಹೊಸ ಬಣ್ಣ ಹಚ್ಚಲು ಬಂದಾಗ ಏಣಿಯ ಮೇಲಿನಿಂದ ಅವಳ ಹಾಡು ಕೇಳಿದ್ದರು. ಇಂಗ್ಲಿಷ್ ಮಟ್ಟಿನ ಹಾಡನ್ನು ಮೂರು ಸಲಕ್ಕೇ ಹಿಡಿಯುವವರು ಮೈಸೂರಿನಲ್ಲಿ ಅವರಿಗೆ ಬೇರೆ ಸಿಕ್ಕಿರಲಿಲ್ಲ. ಅವಳು ಒಂದೇ ಷರತ್ತು ಹಾಕಿದಳು: ಪ್ಲೇಟಿನ ಮೇಲೆ ಹೆಸರು ಇರಕೂಡದು. ಕಾನ್ವೆಂಟು ಸ್ಕೂಲಿನಲ್ಲಿ ಹಾಡು ಕಲಿಸುವ ಕೆಲಸಕ್ಕೆ ಅವಳ ನೇಮಕದ ಕಾಗದ ಅಲ್ಲಿನ ಮದರ್ ಅವರ ಮೇಜಿನ ಮೇಲಿತ್ತು. ಸೋಮವಾರ ರುಜು ಬೀಳುವುದಿತ್ತು. ನಾಟಕದವನ ಜೊತೆ ನಿಂತು ಪ್ರೇಮದ ಹಾಡು ಹಾಡಿದಳೆಂದು ತಿಳಿದರೆ ರುಜು ಬೀಳುವುದಿಲ್ಲ. ಇದರಲ್ಲಿ ಅನುಮಾನವೇ ಇಲ್ಲ. ಆದರೆ ಗಿಳಿಗೆ ಮುಖವಿದೆ, ತನಗಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಹಾಡಬೇಕೆಂದೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಯಂತ್ರ ತಂದವನು ಮದ್ರಾಸಿನವನು. ಮೂರನೆಯ ತಟ್ಟೆಯನ್ನು ಬಿಸಿ ಪೆಟ್ಟಿಗೆಯಲ್ಲಿ ಇಟ್ಟ. ಹದಕ್ಕೆ ಬರಲು ಹನ್ನೆರಡಕ್ಕೆ ಎರಡು ನಿಮಿಷ ಇರುವವರೆಗೆ ಕಾಯಬೇಕೆಂದ. ಹನ್ನೆರಡೂವರೆಗೆ ತಾನು ಸ್ಟೇಷನ್ನಿಗೆ ಹೊರಡಬೇಕೆಂದೂ ಹೇಳಿದ.

ಆಗ ಕ್ರಿಸ್ತಿನಾಳಿಗೆ ನೆನಪಾಯಿತು. ಹನ್ನೆರಡಕ್ಕೆ ಚರ್ಚಿನ ಗಂಟೆ. ದೇವಮಾತೆಯನ್ನು ನೆನೆಯಲು ದಿನಕ್ಕೆ ಮೂರು ಸಲ ಹೊಡೆಯುವ ತ್ರಿಕಾಲ ಜಪದ ಗಂಟೆಗಳಲ್ಲಿ ಇದು ನಡುವಿನದು. ಕಾಂಪೌಂಡಿನ ಗೋಡೆಯಾಚೆ, ಗೋದಾಮಿನ ಹೆಂಚಿಗಿಂತ ಎತ್ತರಕ್ಕೆ, ಗಂಟೆಯ ಗೋಪುರ. ಗಂಟೆ ಮುಗಿಯುವವರೆಗೆ ಕಾಯೋಣವೆಂದರೆ ಅದೂ ಆಗದು. ಪಕ್ಕದ ಸ್ಕೂಲು ಆ ಗಂಟೆಗೇ ಊಟಕ್ಕೆ ಬಿಡುತ್ತದೆ. ನಾನೂರು ಹುಡುಗಿಯರ ಕೂಗು ಒಂದು ಗಂಟೆಯವರೆಗೆ ಇದೇ ಹೆಂಚಿನ ಮೇಲೆ.

ಗಂಟೆ ಹೊಡೆಯುವವರನ್ನು ಕೇಳಿಕೊಂಡರೆ ಐದು ನಿಮಿಷ ತಡಮಾಡುವುದಿಲ್ಲವೇ ಎಂದರು ಮೇಷ್ಟ್ರು.

"ಗಂಟೆ ಹೊಡೆಯೋರು ನಮ್ಮಪ್ಪ," ಎಂದಳು ಕ್ರಿಸ್ತಿನಾ.

ರಾಮಯ್ಯ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿದ. "ಹಂಗಾದ್ರೆ ಸುಲಭವಾಯ್ತಲ್ಲಮ್ಮ," ಎಂದ. ಅವಳು ಅಪ್ಪನಿಗೆ ಹೇಳದೆ ಬರುತ್ತಿದ್ದದ್ದು ಅವನಿಗೆ ತಿಳಿದಿರಲಿಲ್ಲ.

ಅವಳು ಸೆರಗು ತಲೆಗೆ ಹೊದ್ದು ಓಡಿದಳು.

ಅವಳ ಅಪ್ಪ ಆರೋಗ್ಯಸ್ವಾಮಿ ಗೋಪುರದ ಬುಡದಲ್ಲಿ ಸ್ಟೂಲಿನ ಮೇಲೆ ಕೂತು ಚಾಕುವಿನಿಂದ ಮೇಣದಬತ್ತಿಯ ಕುಡಿ ಕತ್ತರಿಸುತ್ತಿದ್ದ. ಮೊಣಕಾಲ ಮೇಲೆ ಗಡಿಯಾರ ತೆರೆದಿಟ್ಟಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನ ಗಂಟೆ ಒಂದು ನಿಮಿಷ ಹಿಂದೆಮುಂದೆ ಆದದ್ದಿಲ್ಲ. ಓಣಿಯ ಅಂಗಡಿಯವರು ಅದನ್ನು ಕೇಳಿಯೇ ತಮ್ಮ ಗಡಿಯಾರದ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಮನೆಯಲ್ಲೂ ಹಾಗೆಯೇ. ಗಂಟೆ ಬಿತ್ತೆಂದರೆ ಬಾಯಿಗೆ ಹೋಗುತ್ತಿದ್ದ ತುತ್ತು ಜಪ ಮುಗಿಯುವವರೆಗೆ ಅಲ್ಲೇ ನಿಲ್ಲಬೇಕು. ಕ್ರಿಸ್ತಿನಾ ಮೂರನೆಯ ವಯಸ್ಸಿನಿಂದ ಹೀಗೆ ನಿಂತವಳು.

"ಅಪ್ಪ, ಇವತ್ತು ಗಂಟೆ ಐದು ನಿಮಿಷ ತಡವಾಗಿ ಹೊಡಿ."

"ಯಾರು ಸತ್ರು?" ಎಂದ ಆರೋಗ್ಯಸ್ವಾಮಿ. ತಲೆ ಎತ್ತಲಿಲ್ಲ.

ಸುಳ್ಳು ಕಟ್ಟಲು ಅವಳಿಗೆ ಸಮಯವಿರಲಿಲ್ಲ. ಫಿಲಂ, ಗಿಳಿ, ಮೇಣದ ತಟ್ಟೆ, ಎಲ್ಲವನ್ನೂ ಹೇಳಿಬಿಟ್ಟಳು. ಕಾನ್ವೆಂಟಿನಲ್ಲಿ ಅಭ್ಯಾಸವಿದೆ ಎಂದು ಹದಿನೈದು ದಿನದಿಂದ ಹೋಗುತ್ತಿದ್ದದ್ದು ಎಲ್ಲಿಗೆಂಬುದನ್ನೂ ಹೇಳಿದಳು.

ಅವನು ಚಾಕುವನ್ನು ಸ್ಟೂಲಿನ ಅಂಚಿನ ಮೇಲೆ ಇಟ್ಟ. "ಜೊತೇಲಿ ಯಾರು ಆಡ್ತಾ ಇರೋದು?"

"ನಾಟಕದ ರಾಮಯ್ಯನೋರು."

"ಗಂಡುಗಿಳಿ ಎಣ್ಣುಗಿಳೀಗೆ ಏನಂತದೆ?"

ಗಂಡು ಗಿಳಿ ಹೇಳುವುದು, ನಿನ್ನ ಮರದಲ್ಲಿ ಜಾಗವಿಲ್ಲದಿದ್ದರೆ ನಿನ್ನ ಕೊಂಬೆಯಲ್ಲಿ ಕೊಡು ಎಂದು. ಅಪ್ಪನ ಮುಂದೆ ಹೇಳುವ ಮಾತಲ್ಲ.

"ನಾನು ಒಡೆಯೋದು ಮಾತೆಗೆ ಕಣವ್ವ," ಎಂದ ಆರೋಗ್ಯಸ್ವಾಮಿ. "ಗಿಳಿ ಆಡ್ತಾವೆ, ನೀನು ಒಸಿ ತಡ್ಕೊ ತಾಯಿ, ಅಂತ ನಾನು ಅವಳಿಗೆ ಏಳ್ಬೇಕಾ? ಮನೇಗೋಗು."

ಅವಳು ತಿರುಗಿದಳು. ಮನೆಗೆ ಹೋಗಬೇಕಾದರೆ ಗೇಟಿನಲ್ಲಿ ಬಲಕ್ಕೆ. ಅವಳು ಎಡಕ್ಕೆ ಹೋದಳು.

ಗೋದಾಮಿನಲ್ಲಿ ಎಲ್ಲರೂ ನಿಂತೇ ಇದ್ದರು. ಒಪ್ಪಿದರೇ ಎಂದು ಮೇಷ್ಟ್ರು ಕೇಳಿದರು. ಇಲ್ಲವೆಂದರೆ ತಟ್ಟೆ ಪೆಟ್ಟಿಗೆಯಲ್ಲೇ ಮದ್ರಾಸಿಗೆ ವಾಪಸು ಹೋಗುತ್ತದೆ. ಆ ಯಂತ್ರ ಮತ್ತೆ ಮೈಸೂರಿಗೆ ಯಾವಾಗಲೋ.

"ಒಪ್ಪಿದ್ರು," ಎಂದಳು ಕ್ರಿಸ್ತಿನಾ.

ಓಣಿಯ ಬಾಗಿಲಿಗೆ ಅಗುಳಿ ಹಾಕಿದರು. ಹನ್ನೊಂದು ಐವತ್ತೆಂಟಕ್ಕೆ ತಟ್ಟೆ ಹೊರಗೆ ಬಂತು. ಮೇಣದ ವಾಸನೆ ಚರ್ಚಿನ ವಾಸನೆಯ ಹಾಗೇ ಇತ್ತು. ಎಲ್ಲರಿಗೂ ಒಂದೇ ಮೈಕು. ರಾಮಯ್ಯನ ಗಂಟಲು ದೊಡ್ಡದಾದ್ದರಿಂದ ಅವನು ಹಿಂದೆ, ಅವಳು ಮುಂದೆ. ಅವನ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು. ಅದರ ಕಡೆ ಈಗ ಅವಳ ಗಮನವಿರಲಿಲ್ಲ. ಮದ್ರಾಸಿನವನು ಕೈ ಎತ್ತಿದ. ಸೂಜಿ ಇಳಿಯಿತು.

ಮೊದಲನೆಯ ನುಡಿ ಗಂಡು ಗಿಳಿಯದು. ರಾಮಯ್ಯ ಈ ಸಲ ಪಿಸುಮಾತಿನ ಹಾಗೆ ಹಾಡಿದ. ಚೆನ್ನಾಗಿ ಹಾಡಿದ. ಮೇಷ್ಟ್ರ ಕೋಲು ಅವಳ ಕಡೆ ತಿರುಗಿತು. ಅವಳು ಶುರು ಮಾಡಿದಳು. ಹಾಡುತ್ತಲೇ ಅವಳ ಕಣ್ಣು ಗಡಿಯಾರದ ಮೇಲಿತ್ತು. ಮುಳ್ಳುಗಳು ಒಂದಾಗುತ್ತಿದ್ದವು. ಗಂಟೆ ಬಿದ್ದರೂ ನಿಲ್ಲಬಾರದು ಎಂದುಕೊಂಡಳು. ಆದರೆ ತಾನು ನಿಲ್ಲುತ್ತೇನೆಂದು ಅವಳಿಗೆ ಗೊತ್ತಿತ್ತು. ಗಂಟೆ ಬಿದ್ದೊಡನೆ ನಾಲಿಗೆ ತಾನಾಗಿ ನಿಲ್ಲುತ್ತದೆ. ಹದಿನೆಂಟು ವರ್ಷದ ಅಭ್ಯಾಸ ಅವಳ ಮಾತು ಕೇಳುವುದಿಲ್ಲ. ಗಂಟೆಯ ಸದ್ದಿಗಿಂತ ಅದೇ ಅವಳಿಗೆ ಹೆಚ್ಚು ಭಯ. ಎರಡನೆಯ ಸಾಲಿನ ಕೊನೆ ತುಸು ಗಟ್ಟಿಯಾಯಿತು. ಮೇಷ್ಟ್ರ ಹುಬ್ಬು ಗಂಟಾಯಿತು.

ಮುಳ್ಳುಗಳು ಒಂದಾದವು. ಸದ್ದಿಲ್ಲ.

ಎರಡೂ ಗಿಳಿ ಸೇರಿ ಹಾಡುವ ಭಾಗ ಬಂತು. ಮುಳ್ಳು ಹನ್ನೆರಡನ್ನು ದಾಟಿತು. ಸದ್ದಿಲ್ಲ. ಅಪ್ಪ ಹಗ್ಗ ಹಿಡಿದು ಸುಮ್ಮನೆ ನಿಂತಿರುವುದು ಅವಳ ಕಣ್ಣಿಗೆ ಕಟ್ಟಿತು. ಬೈದರೂ ತಡೆದುಕೊಂಡಿದ್ದಾನೆ ಎಂದುಕೊಂಡಳು. ಮೇಲಿನ ಸ್ವರಕ್ಕೆ ಅವಳು ಹೋದದ್ದು ಅವಳಿಗೇ ತಿಳಿಯಲಿಲ್ಲ. ಹಿಂದಿನ ಎರಡು ತಟ್ಟೆಯಲ್ಲೂ ಅದನ್ನು ಅಷ್ಟು ಸಲೀಸಾಗಿ ಮುಟ್ಟಿರಲಿಲ್ಲ. ರಾಮಯ್ಯ ಅವಳ ಹಿಂದೆಯೇ ಬಂದ. ಕೋಲು ಕೆಳಗಿಳಿಯಿತು. ಮೂರು ನಿಮಿಷ ಹತ್ತು ಸೆಕೆಂಡು. ಸೂಜಿ ಮೇಲೇಳುವವರೆಗೆ ಯಾರೂ ಉಸಿರು ಬಿಡಲಿಲ್ಲ.

ಮದ್ರಾಸಿನವನು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೆರೆಗಳನ್ನು ನೋಡಿದ. ಸರಿಯಾಗಿದೆ ಎಂದ. ಈಗ ಕೇಳಬಹುದೇ ಎಂದು ರಾಮಯ್ಯ ಕೇಳಿದ್ದಕ್ಕೆ, ಒಮ್ಮೆ ಕೇಳಿದರೆ ಮೇಣ ಸವೆದು ಹಾಳಾಗುತ್ತದೆ, ಪ್ಲೇಟು ಅಚ್ಚಾಗಿ ಬಂದ ಮೇಲೆಯೇ ಕೇಳಬೇಕು ಎಂದ. ಮೇಷ್ಟ್ರು ಮೂಟೆಯ ಮೇಲೆ ಕುಸಿದು ಕೂತರು.

ಆದರೂ ಗಂಟೆ ಬೀಳಲಿಲ್ಲ. ಹನ್ನೆರಡು ದಾಟಿ ನಾಲ್ಕು ನಿಮಿಷ ಕಳೆದಿತ್ತು. ಐದು. ಕ್ರಿಸ್ತಿನಾ ಮೂಟೆಗಳ ನಡುವೆ ನಡೆದು ಹೋಗಿ ಅಗುಳಿ ತೆಗೆದಳು.

ಬಾಗಿಲಲ್ಲಿ ಆರೋಗ್ಯಸ್ವಾಮಿ ನಿಂತಿದ್ದ. ಕೈ ಇನ್ನೂ ಬಡಿಯುವ ಹಾಗೆ ಮೇಲೆತ್ತಿತ್ತು. ಅಂಗೈ ಕೆಂಪಾಗಿ ಊದಿತ್ತು. ಹೆಗಲ ಮೇಲಿನ ವಸ್ತ್ರ ನೆಲಕ್ಕೆ ಬಿದ್ದಿತ್ತು. ಅವಳು ಎಡಕ್ಕೆ ತಿರುಗಿದ್ದನ್ನು ಕಂಡು ಹಿಂದೆಯೇ ಬಂದಿದ್ದ. ಎಳೆದುಕೊಂಡು ಹೋಗಿ ಹನ್ನೆರಡರ ಒಳಗೆ ಹಗ್ಗ ಹಿಡಿಯಬಹುದು ಎಂದುಕೊಂಡಿದ್ದ. ಹೆಸರು ಹಿಡಿದು ಕೂಗಿದರೆ ಓಣಿಗೆಲ್ಲ ತಿಳಿಯುತ್ತದೆಂದು ಬರೀ ಬಡಿದಿದ್ದ. ಮೂವತ್ತು ಅಡಿ ಅರಳೆ ಅಷ್ಟನ್ನೂ ನುಂಗಿತ್ತು.

ಅವನು ಮಗಳನ್ನು ನೋಡಿದ. ಆಮೇಲೆ ಗೋಪುರವನ್ನು ನೋಡಿದ. "ಇನ್ನೊಂದು ಕಿತ ಬಡಿದ್ರೆ ತೆಗೀತಾರೆ ಅನ್ನಿಸ್ತು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಭಯವಿತ್ತು.

ಇಬ್ಬರೂ ಓಡಿದರು. ಸ್ಕೂಲಿನಲ್ಲಿ ಹುಡುಗಿಯರು ಇನ್ನೂ ಒಳಗೇ ಇದ್ದರು. ಕಿಟಕಿಗಳಲ್ಲಿ ತಲೆಗಳು ಕಾಣುತ್ತಿದ್ದವು. ಚರ್ಚಿನ ಗುರುಗಳ ಮನೆಯ ಜಗಲಿಯಲ್ಲಿ ಬಿಳಿ ನಿಲುವಂಗಿ ಮೆಟ್ಟಿಲಿಳಿಯುತ್ತಿತ್ತು. ಆರೋಗ್ಯಸ್ವಾಮಿ ಹಗ್ಗಕ್ಕೆ ಕೈ ಹಾಕಿದವನು ಎಳೆಯಲಿಲ್ಲ.

"ಹೊಡಿ ಅಪ್ಪ," ಎಂದಳು ಅವಳು.

"ಒಡೆದು ಏನಂತ ಏಳ್ಲಿ? ಎಲ್ಲಿಗೋಗಿದ್ದೆ ಅಂತಾರೆ."

"ನಿಜ ಹೇಳ್ಬುಡು."

"ಏಳ್ಬುಟ್ರೆ ಸೋಮವಾರ ನಿನ್ನ ಕಾಗದ ಒಲೆಗೆ ಓಗ್ತದೆ." ಅವನು ಸ್ಟೂಲಿನ ಮೇಲಿದ್ದ ಚಾಕು ತೆಗೆದುಕೊಂಡು ಸ್ಟೂಲು ಹತ್ತಿದ. "ಬಿಗಿಯಾಗಿ ಇಡ್ಕೊ."

ಅವಳು ಹಗ್ಗವನ್ನು ಎರಡೂ ಕೈಯಲ್ಲಿ ಕೆಳಕ್ಕೆ ಜಗ್ಗಿ ಹಿಡಿದಳು. ಅವನು ಒಂದೊಂದೇ ಎಳೆ ಕೊಯ್ದ. ಗಂಟೆ ಮೇಲೆ ಒಂದು ಸಲ ಸಣ್ಣಗೆ ಅಲುಗಿತು, ನಾಲಿಗೆ ತಾಗಲಿಲ್ಲ. ಹಗ್ಗ ಅವಳ ಮೈಮೇಲೆ ಬಿತ್ತು. ಅವನು ಕೆಳಗಿಳಿದು ತುದಿಯನ್ನು ಗೋಡೆಯ ಕಲ್ಲಿಗೆ ಉಜ್ಜಿ ಎಳೆ ಎಳೆಯಾಗಿ ಬಿಡಿಸಿದ. ಸವೆದು ಹರಿದ ಹಾಗೆ ಕಾಣಿಸಿತು. ಚಾಕು ಜೇಬಿಗೆ ಹೋಯಿತು.

ಗುರುಗಳು ಬಂದರು. ಹಗ್ಗ ಹರಿದುಹೋಯಿತು ಸ್ವಾಮಿ, ಕಟ್ಟೋಕೆ ನೋಡ್ತಿದ್ದೆ, ಮಗಳನ್ನ ಕರೆದೆ, ಎಂದ ಆರೋಗ್ಯಸ್ವಾಮಿ. ಗುರುಗಳು ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಇಷ್ಟು ವರ್ಷ ಬಂದದ್ದೇ ಹೆಚ್ಚು ಎಂದರು. ಹೊಸ ಹಗ್ಗ ಬರುವುದು ಸೋಮವಾರ, ಅಲ್ಲಿಯವರೆಗೆ ಗಂಟೆಯಿಲ್ಲ ಎಂದರು. ಆರೋಗ್ಯಸ್ವಾಮಿಯ ಊದಿದ ಅಂಗೈ ನೋಡಿ, ಹಗ್ಗ ಹಿಡಿದು ಹಿಡಿದು ಹೀಗಾಗಿದೆ, ಎಣ್ಣೆ ಹಚ್ಚಿಕೋ ಎಂದು ಹೇಳಿ ಹೋದರು.

ಮರುದಿನ ಶನಿವಾರ. ಶನಿವಾರ ಸಾಯಂಕಾಲ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ನಿಲ್ಲುವವರ ಸಾಲಿನಲ್ಲಿ ಮೊದಲು ಇರುತ್ತಿದ್ದವನು ಆರೋಗ್ಯಸ್ವಾಮಿ. ಆ ದಿನ ಬೆಳಿಗ್ಗೆಯೇ ಏನೂ ಹೇಳದೆ ಮನೆಯಿಂದ ಹೊರಟ. ಯಾರಿಗೆ ಸುಳ್ಳು ಹೇಳಿದ್ದನೋ ಅವರ ಕಿವಿಯಲ್ಲೇ ಆ ಸುಳ್ಳನ್ನು ಒಪ್ಪಿಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ. ಗಂಟೆಯಿಲ್ಲದ್ದರಿಂದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಹಗಲೆಲ್ಲ ಬಿಡುವಿತ್ತು.

ಬಂದಾಗ ದೀಪ ಹಚ್ಚುವ ಹೊತ್ತು. ಮೊಣಕಾಲಿನವರೆಗೆ ಧೂಳು. ಕ್ರಿಸ್ತಿನಾ ಬಿಸಿನೀರು ತಂದು ಬಚ್ಚಲ ಕಲ್ಲಿನ ಮೇಲೆ ಇಟ್ಟಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಅವನೇ ಹೇಳಿದ, ಪಾಲಹಳ್ಳಿಗೆ, ಅಲ್ಲಿನ ಚರ್ಚಿನ ಗುರುಗಳ ಹತ್ತಿರ ಪಾಪನಿವೇದನೆಗೆ. ನಡೆದುಕೊಂಡೇ ಹೋಗಿ ಬಂದಿದ್ದ.

ಚೊಂಬಿನಲ್ಲಿ ನೀರು ಕಾಲಿಗೆ ಸುರಿದುಕೊಂಡ.

"ಆ ಗಿಳಿ ಆಡು ನೀನು ಕೇಳಿದ್ಯಾ ಅಂತ ಗುರುಗಳು ಕೇಳಿದ್ರು," ಎಂದ.

"ನೀನೇನಂದೆ?"

"ಬಾಗ್ಲಾಚೆ ಇದ್ದೆ. ಏನೂ ಕೇಳಿಸ್ಲಿಲ್ಲ ಅಂದೆ."

ಖಾಲಿ ಚೊಂಬನ್ನು ಅವಳ ಕಡೆ ಚಾಚಿದ. ಅವಳು ಇನ್ನೊಂದು ಚೊಂಬು ನೀರು ತರಲು ಒಳಗೆ ಹೋದಳು.