ಗೋಡೆಯಿಂದ ಇಳಿಯದ ಮುಖ

“ಅಲ್ಲ ಕಣೇ, ಜಡ್ಜು ಅವನಿಗೆ ಆರು ತಿಂಗಳು ಅಂದ್ರು, ಅದನ್ನ ಮುಗಿಸಿಯೂ ಬಂದ. ನೀನು ಎಷ್ಟು ವರ್ಷ ಹಾಕಿದ್ದೀಯ?”

ಸೋಪು ಕೊಳ್ಳಲು ಬಂದ ಜೈಲಕ್ಕ ಸೋಪು ಮರೆತು ಅಂಗಡಿಯ ಗೋಡೆ ನೋಡುತ್ತಿದ್ದಳು. ಹೆಂಗಸರ ಜೈಲಿನಲ್ಲಿ ಕಾವಲಿದ್ದು ನಿವೃತ್ತಳಾದವಳು, ಬೀದಿಗೆಲ್ಲ ಜೈಲಕ್ಕ. ಗೋಡೆಯಲ್ಲೊಂದು ಫೋಟೋ. ಕೆಳಗೆ ದಪ್ಪಕ್ಷರದಲ್ಲಿ ‘ಕಳ್ಳ. ಎಚ್ಚರಿಕೆ’.

ಅಂಗಡಿಯವಳಿಗೆ ರೇಗಿತು. ಫೋಟೋದಲ್ಲಿದ್ದ, ಹಿಂದಿನ ಬೀದಿಯ ಆ ಬಣ್ಣ ಬಳಿಯುವವನು ಗಲ್ಲಾಪೆಟ್ಟಿಗೆ ಎತ್ತಿಕೊಂಡು ಓಡಿದಂದಿನಿಂದ, ಬೆನ್ನ ಹಿಂದೆ ಸದ್ದಾದರೆ ಅವಳ ಕೈ ಈಗಲೂ ಮೊದಲು ಗಲ್ಲಾದ ಮೇಲೆ ಹೋಗುತ್ತದೆ.

“ಹೊಟ್ಟೆ ಉರಿದದ್ದು ನಂದು, ನಿಂಗೇನಕ್ಕಾ ಗೊತ್ತು? ಕಳ್ಳರಿಗೆ ಭಯ ಬೇಡ್ವಾ?”

“ಭಯ ಬಿದ್ರಾ? ಮೊನ್ನೆ ಶಾಂಪೂ ಡಬ್ಬ ಹೋಗಿದ್ದು ಇದೇ ಫೋಟೋ ಕೆಳಗಿಂದ ತಾನೇ? ಸಾಮಾನೆಲ್ಲ ಬಾಗಿಲಲ್ಲಿ ಗುಡ್ಡೆ ಹಾಕಿ, ನೀನು ಆ ಕಡೆ ತಿರುಗಿ ಟೀವಿ ನೋಡ್ತೀಯ. ಮೊದಲು ಕುರ್ಚಿ ತಿರುಗಿಸು ಮಹಾರಾಯ್ತಿ! ಕ್ಯಾಲೆಂಡರಾದ್ರೂ ವರ್ಷಕ್ಕೊಂದ್ಸಲ ಬದಲಾಗತ್ತೆ, ಇವನ ಮುಖ ಮಾತ್ರ ಹಾಗೇ ಇದೆ.”

ಅಂಗಡಿಯವಳು ಬಂದ ನಗುವನ್ನು ನುಂಗಿಕೊಂಡಳು.

ಅಷ್ಟರಲ್ಲಿ ಆ ಫೋಟೋದವನ ತಾಯಿ ಬಂದು ಮೆಟ್ಟಿಲ ಕೆಳಗೇ ನಿಂತಳು. ಮಗ ಸಿಕ್ಕಿಬಿದ್ದ ಮೇಲೆ ಅವಳು ಉಪ್ಪಿಗೂ ದೂರದ ಅಂಗಡಿಗೆ ನಡೆಯುತ್ತಿದ್ದಳು.

“ಅಮ್ಮಾ, ನಿಮ್ಮ ಅಂಗಡಿ ಪಕ್ಕದ ಮನೆಗೆ ಹೊಸಬರು ಬರ್ತಿದಾರಂತೆ. ನಾಳೆಯಿಂದ ಅಲ್ಲಿ ಬಣ್ಣದ ಕೆಲಸ. ಮೇಸ್ತ್ರಿಗೆ ಎಲ್ಲಾ ಗೊತ್ತು, ಆದ್ರೂ ನನ್ನ ಮಗನ್ನ ಕರೆದಿದಾನೆ. ಮನೆಯವರು ಈ ಫೋಟೋ ನೋಡಿದ್ರೆ ಬೇಡ ಅಂತಾರೆ. ಹೋದ ಸಲವೂ ಹಾಗೇ ಆಯ್ತು. ಊಟಕ್ಕೆ ಕರೆದ್ರೂ ಏಳ್ತಿಲ್ಲ ಅವನು. ಹಳೇ ಸಹವಾಸದೋರು ಬೇರೆ ಬಂದು ನಮ್ಮ ಬಾಗಿಲು ತಟ್ತಿದಾರೆ.”

“ಮತ್ತೆ ಕದ್ರೆ?” ಅಂಗಡಿಯವಳು ಜೈಲಕ್ಕನನ್ನು ಕೇಳಿದಳು.

“ಕದ್ರೆ ಪೊಲೀಸರಿದಾರೆ, ಕೋರ್ಟಿದೆ. ಕದ್ದದ್ದು ಸರಿ ಅಂತ ನಾನಂದ್ನಾ? ಬಿಡುಗಡೆಯಾದವರು ತಿರುಗಿ ನಮ್ಮ ಗೇಟಿಗೇ ಬಂದಾಗ ಕೇಳ್ತಿದ್ದೆ, ಯಾಕಮ್ಮಾ ಬಂದೆ ಅಂತ. ‘ಹೊರಗಡೆ ಒಂದು ಬಾಗಿಲೂ ತೆಗೀಲಿಲ್ಲ ಅಕ್ಕಾ’ ಅನ್ನೋರು.”

ಅಂಗಡಿಯವಳು ಎದ್ದು ಫೋಟೋ ಹಿಡಿದೆಳೆದಳು. ಅರ್ಧ ಬಂತು. ಹಣೆ, ಒಂದು ಕಣ್ಣು ಅಂಟಿನ ಸಮೇತ ಗೋಡೆಯಲ್ಲೇ ಉಳಿದವು. ಒದ್ದೆ ಬಟ್ಟೆಯಿಂದ ಉಜ್ಜಿದಳು, ಉಗುರಿನಿಂದ ಕೆರೆದಳು.

“ಕೊಡಿ ಅಮ್ಮಾ, ನಾನು ಒರೆಸ್ತೀನಿ” ಎಂದು ತಾಯಿ ಮೆಟ್ಟಿಲು ಹತ್ತಿ ಬಂದಳು. ಬಟ್ಟೆ ತೆಗೆದುಕೊಂಡು ಮಗನ ಕಣ್ಣನ್ನು ಮೆಲ್ಲಗೆ ಒರೆಸತೊಡಗಿದಳು.

ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಏಣಿ ಬಂತು. ಹೊತ್ತು ತಂದವನು ಅಂಗಡಿಯ ಕಡೆ ತಲೆಯೆತ್ತಲಿಲ್ಲ. ಅಂಗಡಿಯವಳು ಬಾಗಿಲ ಕಡೆಗೆ ಕುರ್ಚಿ ತಿರುಗಿಸಿ ಕೂತಿದ್ದಳು. ಅವನ ಹಳೆಯ ಕಥೆಯನ್ನು ಯಾರಿಗೂ ಹೇಳಲಿಲ್ಲ.

ಬಂಧುಗಳೇ, ನಿಮ್ಮ ಸಾಮಾನನ್ನು ಕಣ್ಣಳತೆಯಲ್ಲಿಡಿ, ಕತ್ತಲ ಮೂಲೆಗೆ ದೀಪ ಹಾಕಿ. ತಪ್ಪು ಮಾಡಿದವರಿಗೆ ಕಾನೂನು ಕೊಟ್ಟಷ್ಟು ಶಿಕ್ಷೆ ಆಗಲಿ. ಅದನ್ನು ಮುಗಿಸಿ ಬಂದವರ ಮುಖ ನಿಮ್ಮ ಗೋಡೆಯಲ್ಲೋ ಮೊಬೈಲ್ ಗುಂಪಿನಲ್ಲೋ ಇನ್ನೂ ಉಳಿದಿದ್ದರೆ ಇವತ್ತೇ ತೆಗೆಯಿರಿ. ತಡಮಾಡಿದಷ್ಟೂ ಅಂಟು ಗಟ್ಟಿಯಾಗುತ್ತದೆ.